ಕಸ ಅಂತ ನೀನು ಅಳಿಸಿದ ಫೋಲ್ಡರ್

ಗುಂಡ್ಲುಪೇಟೆ
ನವೆಂಬರ್ 1998, ಶುಕ್ರವಾರ

ಶಿವರುದ್ರಸ್ವಾಮಿ,

ಹೆಸರಿನ ಹಿಂದೆ ಮುಂದೆ ಏನೂ ಹಾಕಿಲ್ಲ. ನಮ್ಮೂರು ಹರವೆಯಲ್ಲಿ ನಿನ್ನನ್ನು ರುದ್ರಣ್ಣ ಅಂತಿದ್ದೆ. ಚಾಮರಾಜನಗರದ ಕಂಪ್ಯೂಟರ್ ಸೆಂಟರಿಗೆ ಸೇರಿಸಿಕೊಂಡ ದಿನವೇ ಇಲ್ಲಿ ಸಾರ್ ಅನ್ನಬೇಕು ಅಂದೆ ನೀನು, ನಾನು ಸಾರ್ ಅಂದೆ. ಈಗ ಎರಡೂ ಬಾಯಿಗೆ ಬರೋದಿಲ್ಲ. ನಿನ್ನ ಕ್ಷೇಮ ಕೇಳೋ ಮನಸ್ಸೂ ಇಲ್ಲ.

ನಿನ್ನೆ ಸೆಂಟರಿನ ಜವಾನ ಮೂಗಯ್ಯಣ್ಣ ಬಂದಿದ್ದ. ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯಲ್ಲಿ ನಾನೊಂದು ಕೇರಳದ ಲಾರಿಯ ಟೇಪ್ ರೆಕಾರ್ಡರ್ ಬಿಚ್ಚಿಕೊಂಡು ಕೂತಿದ್ದೆ. ಅದು ಹಾಡೋವರೆಗೂ ಪಾಪ ನಿಂತೇ ಇದ್ದ. ಆಮೇಲೆ ನೀನು ಹೇಳಿಕಳಿಸಿದ್ದು ಹೇಳಿದ. ಇಪ್ಪತ್ತು ಹೊಸ ಮಿಷನ್ ಬಂದಿವೆಯಂತೆ. ನೆಟ್‌ವರ್ಕ್ ಕಾರ್ಡ್ ಬೇರೆ ಥರದ್ದಂತೆ. ಹತ್ತು ದಿನದಿಂದ ಗುದ್ದಾಡಿದರೂ ನಿನ್ನ ಕೈಲಿ ಒಂದೂ ಏಳುತ್ತಿಲ್ಲವಂತೆ.

“ಭಾನ್ವಾರ ಹಿಂದ್ಗಡೆ ಬಾಗ್ಲಲ್ಲಿ ಬಂದು ಮಾಡ್ಕೊಟ್ಟು ಓಗ್ಬೇಕಂತೆ ಕಣಪ್ಪ. ಯಾರ್ಗೂ ಗೊತ್ತಾಗ್ಬಾರ್ದಂತೆ,” ಅಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ನೀನು ಪಡಬೇಕಾದ ನಾಚಿಕೆಯನ್ನು ಆತ ಪಡುತ್ತಿದ್ದ.

ಬರೋದಿಲ್ಲ. ಇಷ್ಟಕ್ಕೇ ಕಾಗದ ಮುಗಿಸಬಹುದಿತ್ತು. ಆದರೆ ನೀನು ಮರೆತವನ ಹಾಗೆ ಆಡುತ್ತಿದ್ದೀಯ, ಅದಕ್ಕೆ ಬರೆಯುತ್ತಿದ್ದೇನೆ.

ಜೂನ್ ತಿಂಗಳು ನೆನಪಿಸಿಕೋ. ಆಗ ಬಂದ ಹದಿನಾರು ಮಿಷನ್‌ಗೆ ಸಿ.ಡಿ. ಡ್ರೈವ್ ಇರಲಿಲ್ಲ. ಸರ್ವರಿನಿಂದ ವೈರಿನಲ್ಲೇ ವಿಂಡೋಸ್ ಹಾಕಬೇಕಿತ್ತು. ನೀನು ಮಾಡಿದ ಫ್ಲಾಪಿ ಹಾಕಿದರೆ ಮಿಷನ್ನು ಸರ್ವರ್ ಹುಡುಕಿಕೊಂಡು ಹೋಗಿ ಎಲ್ಲ ಎಳೆದುಕೊಳ್ಳುತ್ತಿತ್ತು. ಅರ್ಧ ಆದ ಮೇಲೆ ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಅಲ್ಲಿಂದಾಚೆ ಕುರುಡು. ನೆಟ್‌ವರ್ಕ್ ಕಾರ್ಡೇ ಇಲ್ಲ ಅನ್ನುತ್ತಿತ್ತು. ನೀನು ಕಾರ್ಡೇ ಕೆಟ್ಟದ್ದು ಅಂತ ಬೈದು, ಬದಲಾಯಿಸಿಕೊಂಡು ಬರೋಕೆ ಮೈಸೂರು ಬಸ್ ಹತ್ತಿದೆ.

ನಾನು ಕಾರ್ಡಿನ ಡಬ್ಬಿಯಲ್ಲಿದ್ದ ಫ್ಲಾಪಿ ತೆಗೆದೆ. ಅದರೊಳಗೆ ಒಂದು ಇಂಗ್ಲಿಷ್ ಬರಹ ಇತ್ತು, ಎರಡು ಪುಟದ್ದು. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು ನಾನು. ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪದ ಕೀಳುತ್ತಾ ನಾಲ್ಕು ದಿನ ಕೂತೆ. ಅರ್ಥ ಆದಾಗ ನಗು ಬಂತು. ನಿನ್ನ ಫ್ಲಾಪಿಯಲ್ಲಿದ್ದ, ಕಾರ್ಡನ್ನು ಎಬ್ಬಿಸೋ ಡ್ರೈವರ್ ಹಳೇ ಡಾಸಿನದು. ಮಿಷನ್ ಒಂದು ಸಲ ಆಫ್ ಆಗಿ ಎದ್ದ ಮೇಲೆ ಅದಕ್ಕೆ ಬೆಲೆ ಇಲ್ಲ. ಹೊಸದಾಗಿ ಎದ್ದ ವಿಂಡೋಸಿಗೆ ಅದರದ್ದೇ ಡ್ರೈವರ್ ಬೇಕು. ನಮ್ಮ ಕಾರ್ಡ್ ಹೊಸದು, ಸಿ.ಡಿ. ಹಳೆಯದು, ಅದರಲ್ಲಿ ಇಲ್ಲ. ನಾವೇ ಮೊದಲೇ ಸರ್ವರಿನಲ್ಲಿ ಅದಕ್ಕೆಂದೇ ಒಂದು ಫೋಲ್ಡರ್ ಮಾಡಿ ಇಟ್ಟಿರಬೇಕು. ಇಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಮೊದಲನೇ ಮಿಷನ್ನು ಯಾರೂ ಮುಟ್ಟದೆ ತಾನೇ ಎದ್ದು ಕೂತಿತು.

ನೀನು ಅಷ್ಟೂ ದಿನ ಮೈಸೂರಿನಲ್ಲಿ ಅಲೆದು ಬಂದು ನೋಡಿದೆ. ಸಂಜೆ ಓನರ್ ಶಂಭುಲಿಂಗಪ್ಪನವರ ಹತ್ತಿರ ಎಲ್ಲ ನೀನೇ ಮಾಡಿದ್ದು ಅಂತ ಹೇಳಿಕೊಂಡೆ. ನಾನು ಬಾಗಿಲಲ್ಲೇ ನಿಂತಿದ್ದೆ. ಸುಮ್ಮನಾದೆ. ಯಾಕೆ ಅಂತ ನಿನಗೂ ಗೊತ್ತು. ದಸರಾಕ್ಕೆ ಸೇರೋ ಹೊಸ ಬ್ಯಾಚಿಗೆ ಮಿಷನ್ನೆಲ್ಲ ಸರಿಯಾಗಿ ಓಡಿದರೆ ನನ್ನನ್ನು ಲ್ಯಾಬ್ ಅಸಿಸ್ಟೆಂಟ್ ಮಾಡುತ್ತೇನೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳೋದಿಲ್ಲ ಅಂತ ಅವರು ಮಾತು ಕೊಟ್ಟಿದ್ದರು. ನನ್ನ ಜನ್ಮಕ್ಕೆ ಅಂಥ ಮಾತು ಕೊಟ್ಟವರು ಅವರೊಬ್ಬರೇ.

ಆಯುಧಪೂಜೆ ದಿನ ಎಲ್ಲರೂ ಸೇರಿ ಸೆಂಟರ್ ತೊಳೆದೆವು. ಹರಿದ ವೈರು, ಮುರಿದ ಮೌಸು, ಎಲ್ಲ ಆಚೆಗೆ. ಮಾರನೇ ದಿನ ವಿಜಯದಶಮಿಗೆ ಹೊಸ ಮಕ್ಕಳಿಗೆ ಪಾಠ ಶುರು, ಅದಕ್ಕೆ ಹದಿನಾರೂ ಮಿಷನ್ ಪೂರ್ತಿ ಅಳಿಸಿಡು, ಬೆಳಿಗ್ಗೆ ಹೊಸದಾಗಿ ಹಾಕನ ಅಂದೆ ನೀನು. ನಾನು ಅಳಿಸಿದೆ. ನೀನು ಮಾನಿಟರ್‌ಗಳಿಗೆ ವಿಭೂತಿ ಬಳಿದು ಸರ್ವರ್ ಮುಂದೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ನಗುತ್ತಾ ಎದ್ದೆ.

“ಆಚೆ ಮಾತ್ರ ತೊಳುದ್ರೆ ಆಯ್ತದಾ? ಒಳಗ್ಲ ಕಸಾನೂ ಗುಡ್ಸಾಕ್ಬುಟ್ಟೆ ಕಣ್ಲಾ ಮಲ್ಲು.”

ನಾನೂ ನಕ್ಕೆ. ಏನು ಗುಡಿಸಿದೆ ಅಂತ ಕೇಳಲಿಲ್ಲ.

ಬೆಳಿಗ್ಗೆ ಏಳಕ್ಕೆ ನಾನು ಶುರು ಮಾಡಿದೆ. ಒಂಬತ್ತರ ಹೊತ್ತಿಗೆ ಹದಿನಾರೂ ಒಂದೇ ಸಾಲಿನಲ್ಲಿ ನಿಂತಿದ್ದವು, ಕಾರ್ಡ್ ಇಲ್ಲ ಅಂತ. ಸರ್ವರ್ ನೋಡಿದರೆ ನಾನು ಮಾಡಿದ್ದ ಫೋಲ್ಡರೇ ಇಲ್ಲ. ಹೆಸರಿಗೆ ಎರಡೂ ಕಡೆ ಡಾಲರ್ ಗುರುತು ಇತ್ತಲ್ಲ, ನಿನಗೆ ಅದು ಕಸದ ಹಾಗೆ ಕಂಡಿತು. ಹೊರಗೆ ಹೊಸ ಬಟ್ಟೆ ಹಾಕಿಕೊಂಡ ಮಕ್ಕಳು, ಅಪ್ಪ ಅಮ್ಮಂದಿರು, ಬಾಳೆಹಣ್ಣಿನ ತಟ್ಟೆ. ಕಾರ್ಡಿನ ಫ್ಲಾಪಿ ನನ್ನ ಚೀಲದಲ್ಲೇ ಇತ್ತು, ಎರಡು ಗಂಟೆ ಕೊಡಿ, ಎಬ್ಬಿಸುತ್ತೇನೆ ಅಂದೆ. ಸರ್ವರ್ ಮುಟ್ಟಿದ್ದು ಯಾರು ಅಂತ ಶಂಭುಲಿಂಗಪ್ಪನವರು ಕೇಳಿದರು. ನೀನು ನನ್ನ ಕಡೆ ತಿರುಗಿದೆ.

“ಈ ಒಂಬತ್ನೇ ಕ್ಲಾಸ್ ಗಿರಾಕಿ ಕೈಗೆ ಸರ್ವರ್ ಕೊಟ್ಟಿದ್ದೇ ನನ್ ತಪ್ಪು ಸಾರ್.”

ಅಷ್ಟು ಜನರ ಮುಂದೆ ಅಂದೆ. ನನ್ನನ್ನು ಚೀಲದ ಸಮೇತ ಆಚೆ ತಳ್ಳಿಸಿದೆ.

ಕೆಲಸ ಹೋಯಿತು, ಹೋಗಲಿ. ಸುದ್ದಿ ಹರವೆಗೆ ನನಗಿಂತ ಮುಂಚೆ ಹೋಗಿತ್ತು. ರೇಷನ್ ಅಂಗಡಿ ಕ್ಯೂನಲ್ಲಿ ನಿಮ್ಮವ್ವನೇ ಹೇಳಿದ್ದು, ಪುಟ್ಟಸಿದ್ದಮ್ಮನ ಮಗ ಮಿಷನ್ನೆಲ್ಲ ಕೆಡಿಸಿಬಿಟ್ಟನಂತೆ ಅಂತ. ನಮ್ಮವ್ವ ಸಕ್ಕರೆ ತಗೊಳ್ಳದೆ ಮನೆಗೆ ಬಂದಳು. ನಾನು ಅಲ್ಲ ಕಣವ್ವ ಅಂದೆ. ನನ್ನನ್ನೇ ನೋಡಿದಳು.

“ಮತ್ತೆ ರುದ್ರಪ್ಪ ಯಾಕ್ಲಾ ಸುಳ್ಳೇಳಾನು? ಓದ್ದೋನು.”

ಇದೊಂದು ಮಾತು. ಹೆತ್ತ ಮಗನಿಗಿಂತ ನಿನ್ನ ಡಿಪ್ಲೊಮಾ ನಮ್ಮವ್ವನಿಗೆ ದೊಡ್ಡದಾಯಿತು. ಮರುದಿನವೇ ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ಬಂದೆ. ಇವತ್ತಿನವರೆಗೆ ಊರಿಗೆ ಹೋಗಿಲ್ಲ.

ನನ್ನದೂ ಒಂದು ತಪ್ಪು ಇದೆ, ಬರೆದೇ ಬಿಡುತ್ತೇನೆ. ಆ ಫೋಲ್ಡರ್ ಏನು ಅಂತ ನಾನು ನಿನಗೆ ಯಾವತ್ತೂ ಹೇಳಿರಲಿಲ್ಲ. ಬೇಕಂತಲೇ ಹೇಳಿರಲಿಲ್ಲ. ನನಗೊಬ್ಬನಿಗೇ ಗೊತ್ತಿದ್ದರೆ ನನ್ನನ್ನು ಬಿಡೋಕೆ ಆಗಲ್ಲ ಅಂತ ಲೆಕ್ಕ ಹಾಕಿದ್ದೆ. ಸರ್ವರ್ ಮೇಲೆ ಒಂದು ಚೀಟಿ ಅಂಟಿಸಿದ್ದರೆ ನೀನು ಅಳಿಸುತ್ತಿರಲಿಲ್ಲ. ಅಳಿಸಿದ್ದನ್ನು ನಾನು ಕ್ಷಮಿಸಿಬಿಡುತ್ತಿದ್ದೆ ಕೂಡ. ಗೊತ್ತಿಲ್ಲದೆ ಮಾಡಿದೆ. ಆದರೆ ಒಂಬತ್ತು ಗಂಟೆಗೆ ನಿನಗೆ ಎಲ್ಲ ಗೊತ್ತಿತ್ತು. ನಾನು ಫೋಲ್ಡರ್ ಇಲ್ಲ ಅಂದ ತಕ್ಷಣ ನಿನ್ನ ಮುಖ ಬಿಳಿಚಿಕೊಂಡಿದ್ದು ನೋಡಿದ್ದೇನೆ.

ಅದಕ್ಕೆ ಈಗ ಬಚ್ಚಿಡೋದಿಲ್ಲ. ತಗೋ. ಹೊಸ ಕಾರ್ಡ್ ಆಚೆ ತೆಗೆದು ಅದರ ಮೇಲಿನ ನಂಬರ್ ಬರೆದುಕೋ. ಡಬ್ಬಿಯ ಫ್ಲಾಪಿ ಅದೇ ನಂಬರಿನದಾ ನೋಡು. ನೀನು ಅಳಿಸಿದ ಆ ಡಾಲರ್ ಫೋಲ್ಡರನ್ನು ಅದೇ ಹೆಸರಿಗೆ ಸರ್ವರಿನಲ್ಲಿ ಮತ್ತೆ ಮಾಡಿ, ಫ್ಲಾಪಿಯಲ್ಲಿ ಎನ್‌ಟಿ ಅಂತ ಇರೋ ನಮ್ಮ ವಿಂಡೋಸಿನ ಡ್ರೈವರನ್ನು ಪೂರ್ತಿ ತೆಗೆದು ಅದಕ್ಕೆ ಹಾಕು. ಆಮೇಲೆ ಮಿಷನ್ ಕೇಳೋದಕ್ಕೆಲ್ಲ ಉತ್ತರ ಬರೆದಿಡುವ ಫೈಲಿನಲ್ಲಿ ಕಾರ್ಡಿನ ಹೆಸರು ಸೇರಿಸು. ಫ್ಲಾಪಿಯೊಳಗೆ ಹೇಗಿದೆಯೋ ಹಾಗೇ, ಒಂದು ಚುಕ್ಕೆಯೂ ಬದಲಾಗಬಾರದು. ಮೊದಲು ಒಂದೇ ಮಿಷನ್ ಹಾಕಿ ನೋಡು. ಎದ್ದರೆ ಇಪ್ಪತ್ತೂ ಏಳುತ್ತವೆ. ಇದಕ್ಕೆ ಹಿಂದಿನ ಬಾಗಿಲು ಬೇಕಾಗಿಲ್ಲ, ಭಾನುವಾರವೂ ಬೇಕಾಗಿಲ್ಲ.

ಇದಕ್ಕೆ ಬದಲಾಗಿ ನನಗೆ ಕೆಲಸ ಬೇಡ. ಆ ರೂಮಿಗೆ ಕಾಲಿಡೋದಿಲ್ಲ. ಸೋಮವಾರ ಶಂಭುಲಿಂಗಪ್ಪನವರು ಬಂದಾಗ ಕ್ಲಾಸಿನ ಮುಂದೆ ನಿಂತು, ಅಳಿಸಿದ್ದು ನಾನು, ಶಿವಮಲ್ಲು ಅಲ್ಲ ಅಂತ ಹೇಳು. ಅವತ್ತೇ ಸಾಯಂಕಾಲ ಹರವೆಗೆ ಹೋಗಿ ನಮ್ಮವ್ವನ ಮುಂದೆ ಅದನ್ನೇ ಹೇಳು. ಅವಳು ನಿನ್ನ ಮಾತು ನಂಬುತ್ತಾಳೆ. ನನ್ನದು ನಂಬೋದಿಲ್ಲ.

ಇದನ್ನು ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ, ನಾಳೆ ನಿನ್ನ ಕೈಗೆ ಸಿಗುತ್ತದೆ. ಹರಿದು ಹಾಕಿದರೂ ಪ್ರಯೋಜನ ಇಲ್ಲ. ಕೆಳಗೆ ಕಾರ್ಬನ್ ಇಟ್ಟೇ ಬರೆದಿದ್ದೇನೆ. ಬುಧವಾರದೊಳಗೆ ನಮ್ಮವ್ವ ನನ್ನನ್ನು ಊರಿಗೆ ಕರೆಸಿಕೊಂಡರೆ ಆ ಕಾಪಿ ಒಲೆಗೆ. ಇಲ್ಲದಿದ್ದರೆ ಶಂಭುಲಿಂಗಪ್ಪನವರಿಗೆ. ನೀನು ನನಗೆ ಎರಡು ಗಂಟೆ ಕೊಡಲಿಲ್ಲ, ನಾನು ನಿನಗೆ ನಾಲ್ಕು ದಿನ ಕೊಟ್ಟಿದ್ದೇನೆ.

ಆ ಇಪ್ಪತ್ತು ಮಿಷನ್ ಎದ್ದು ಓಡಲಿ, ಮಕ್ಕಳು ಕಲಿಯಲಿ, ಅಷ್ಟು ಹರಸುತ್ತೇನೆ. ನಿನಗೆ ಏನು ಕೊಡಬೇಕೋ ಅದನ್ನು ಬೆಟ್ಟದ ಮಾದಪ್ಪನೇ ನೋಡಿ ಕೊಡಲಿ.

ಪುಟ್ಟಸಿದ್ದಮ್ಮನ ಮಗ,
ಶಿವಮಲ್ಲು