ರೋಗವಲ್ಲದ ಕಲೆಗೊಂದು ಸರ್ಟಿಫಿಕೇಟು

ಸರ್ಕಾರಿ ಆಸ್ಪತ್ರೆಯ ಚರ್ಮವಿಭಾಗದ ದೊಡ್ಡ ಡಾಕ್ಟರಿಗೆ,

ಮಾನ್ಯರೇ, ಮೊದಲು ತಲೆ ಎತ್ತಿ. ಎರಡು ಸಲ ನಿಮ್ಮ ಮೇಜಿನ ಮುಂದೆ ನಿಂತೆ. ಮೊದಲ ಸಲ ನೀವು ನೋಡಿದ್ದು ನನ್ನ ಸೊಸೆಯ ಕಲೆಯನ್ನು, ಎರಡನೆಯ ಸಲ ನೋಡಿದ್ದು ನಿಮ್ಮ ಗಡಿಯಾರವನ್ನು. ನಮ್ಮ ಮುಖ ನೀವು ಇನ್ನೂ ನೋಡಿಲ್ಲ. ಈ ಪೇಪರನ್ನು ಓದುತ್ತಿರುವ ಉಳಿದವರೂ ಕಾಫಿ ಲೋಟ ಕೆಳಗಿಡಿ. ನಿಮ್ಮ ಮನೆಯ ಹೆಂಗಸರ ಹಣೆಯನ್ನು ಕೊನೆಯ ಸಲ ನೋಡಿದ್ದು ಯಾವಾಗ? ಬೊಟ್ಟನ್ನಲ್ಲ, ಬೊಟ್ಟಿನ ಕೆಳಗಿರುವ ಚರ್ಮವನ್ನು. ನೋಡಿರಲಾರಿರಿ. ಸಾರಿನಲ್ಲಿ ಉಪ್ಪು ಹೆಚ್ಚಾದರೆ ಮಾತ್ರ ನೀವು ಆ ಕಡೆ ತಿರುಗುವವರು.

ದೂರು ಇಷ್ಟು. ನನ್ನ ಸೊಸೆ ಜಗದಾಂಬಾಳ ಹಣೆಯ ಮೇಲೆ ಕಪ್ಪು ಕಲೆ ಇದೆ. ಅದು ರೋಗವಲ್ಲವೆಂದು ನೀವೇ ಹೇಳಿದಿರಿ. ಹಾಗೆಂದು ಒಂದು ಸರ್ಟಿಫಿಕೇಟು ಬರೆದುಕೊಡಿ ಎಂದು ಕೇಳಿದರೆ, ರೋಗವಲ್ಲದ್ದಕ್ಕೆ ಆಸ್ಪತ್ರೆ ಸರ್ಟಿಫಿಕೇಟು ಕೊಡುವುದಿಲ್ಲ ಎಂದಿರಿ. ಆ ಒಂದು ಹಾಳೆ ಇಲ್ಲದೆ ನನ್ನ ಮೊಮ್ಮಗಳು ಅಂಬುಜಾಳ ಮದುವೆ ತೂಗುಯ್ಯಾಲೆಯಲ್ಲಿ ಕುಳಿತಿದೆ.

ನಾನು ಹೇರೋಹಳ್ಳಿಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವಳು. ಒತ್ತಕ್ಷರ ಬರುವ ಹೊತ್ತಿಗೆ ಶಾಲೆ ಬಿಡಿಸಿ ಮದುವೆ ಮಾಡಿದರು. ಆದ್ದರಿಂದ ಇಲ್ಲಿ ಒತ್ತುಗಳು ಸರಿಯಾಗಿ ಬಿದ್ದಿದ್ದರೆ ಅದು ಅಂಬುಜಾಳ ಕೆಲಸ, ಮಾತು ಮಾತ್ರ ನನ್ನದು. ಅವಳು ನಾಲ್ಕಾರು ಕಡೆ ‘ಸವಿನಯ ಪ್ರಾರ್ಥನೆ’ ಎಂದು ಸೇರಿಸಿದ್ದಳು. ಹೊಡೆದುಹಾಕಿಸಿದೆ. ಪ್ರಾರ್ಥನೆ ಮಾಡಲು ರಾಜಾಜಿನಗರದಲ್ಲಿ ಬೇರೆ ಜಾಗಗಳಿವೆ.

ಈಗ ಕಲೆಯ ಕಥೆ ಕೇಳಿ. ನಮ್ಮ ಹಳ್ಳಿಯಲ್ಲಿ ಕುಂಕುಮ ಮನೆಯಲ್ಲೇ ಆಗುತ್ತಿತ್ತು. ಅರಿಶಿನದ ಕೊಂಬನ್ನು ನಿಂಬೆರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುತ್ತಿದ್ದೆವು. ಬಣ್ಣ ಇಟ್ಟಿಗೆಯಷ್ಟು ಕೆಂಪು, ಅದಕ್ಕಿಂತ ಹೆಚ್ಚಿಲ್ಲ. ರಾಜಾಜಿನಗರಕ್ಕೆ ಬಂದ ಮೇಲೆ ಬಾಟಲಿ ಬಂತು. ಕಡ್ಡಿ ಅದ್ದಿ ಒಂದು ಚುಕ್ಕಿ ಇಟ್ಟರೆ ಸಂಜೆಯವರೆಗೂ ಅಳಿಸುವುದಿಲ್ಲ, ಬೆವರಿಗೂ ಜಗ್ಗುವುದಿಲ್ಲ. ಬೆಳಿಗ್ಗೆ ನಲ್ಲಿ ನೀರು ಹಿಡಿಯಬೇಕು, ಗಂಡನಿಗೆ ಬುತ್ತಿ ಕಟ್ಟಬೇಕು. ಕನ್ನಡಿಯ ಮುಂದೆ ನಿಲ್ಲಲು ಜಗದಾಂಬಾಳಿಗೆ ಪುರುಸೊತ್ತೆಲ್ಲಿ? ಬಾಟಲಿ ಅವಳಿಗೆ ದೇವರು ಕೊಟ್ಟ ತಂಗಿಯ ಹಾಗೆ ಕಂಡಿತು.

ಮೊದಲು ತುರಿಕೆ. ಆಮೇಲೆ ತುಕ್ಕಿನ ಬಣ್ಣ. ಆಮೇಲೆ ಒಲೆಯ ಮಸಿ. ಇಂಥದ್ದು ಬಂದಾಗ ನಮ್ಮ ಹೆಂಗಸರು ಏನು ಮಾಡುತ್ತಾರೆ ಹೇಳಿ? ಬೊಟ್ಟನ್ನು ದೊಡ್ಡದು ಮಾಡುತ್ತಾರೆ. ಕಲೆ ಬೊಟ್ಟಿನ ಅಂಚಿನಿಂದ ಇಣುಕಿದರೆ ಬೊಟ್ಟಿಗೆ ಇನ್ನೊಂದು ಸುತ್ತು. ಕಲೆ ಮತ್ತೆ ಇಣುಕಿದರೆ ಮತ್ತೊಂದು ಸುತ್ತು. ಯಾವುದು ಕಲೆಯನ್ನು ಹುಟ್ಟಿಸುತ್ತಿತ್ತೋ ಅದನ್ನೇ ಕಲೆಯ ಮೇಲೆ ಮುಚ್ಚಳವಾಗಿ ಇಡುತ್ತಿದ್ದಳು ಪುಣ್ಯಾತ್ಗಿತ್ತಿ. ಬೀದಿಯವರಿಗಂತೂ ಹಬ್ಬ. “ಏನ್ ಲಕ್ಷಣ ಕಣ್ರೀ ನಿಮ್ ಸೊಸೆ, ಹಣೆ ತುಂಬ ಕುಂಕುಮ” ಎಂದು ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ?

ಮುಚ್ಚಲಾಗದಷ್ಟು ಹರಡಿದಾಗ ಮನೆಮದ್ದು ಶುರುವಾಯಿತು. ಹೆರಿಗೆಯಾದವರಿಗೆ ಕೆನ್ನೆಯ ಮೇಲೆ ಬರುವ ಬಂಗೇ ಹಣೆಗೆ ಹತ್ತಿದೆ ಎಂದುಕೊಂಡು ಹಾಲಿನಲ್ಲಿ ಜಾಜಿಕಾಯಿ ತೇಯ್ದು ಹಚ್ಚಿದೆವು. ಎದುರು ಮನೆಯಾಕೆ ನಿಂಬೆಹೋಳಿನಿಂದ ಉಜ್ಜಲು ಹೇಳಿದಳು. ಉಜ್ಜಿ ಬಿಸಿಲಿನಲ್ಲಿ ನಿಂತಳು, ಹಣೆ ಇನ್ನೂ ಕಪ್ಪಾಯಿತು. ಮುಖ ಬೆಳ್ಳಗೆ ಮಾಡುವ ಮುಲಾಮೊಂದನ್ನು ಅಂಗಡಿಯವನು ಕೊಟ್ಟ. ಹಣೆಯ ಸಿಪ್ಪೆ ಎದ್ದುಬಂತೇ ಹೊರತು ಕಲೆ ಕದಲಲಿಲ್ಲ. ಕೊನೆಗೆ ನಿಮ್ಮ ಬಾಗಿಲಿಗೆ ಬಂದೆವು.

ನಿಮ್ಮ ವಿದ್ಯೆಯ ಬಗ್ಗೆ ನನಗೆ ತಕರಾರಿಲ್ಲ. ಕಲೆ ನೋಡಿದ ಕೂಡಲೇ ಕುಂಕುಮದ ಬಾಟಲಿ ಎಂದಿರಿ. ಹತ್ತಿರ ನಿಂತಿದ್ದ ಮೂರು ಜನ ಎಳೆಯ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದಿರಿ. ಜಗದಾಂಬಾ ಅಂಗಡಿಯ ಗೊಂಬೆಯ ಹಾಗೆ ನಿಂತೇ ಇದ್ದಳು. ಆಮೇಲೆ ನಮಗೆ ಕನ್ನಡದಲ್ಲಿ ಹೇಳಿದ್ದು ಇಷ್ಟು: “ಕುಂಕುಮ ಬಿಡಮ್ಮ. ಉಜ್ಬೇಡ. ಬಿಸಿಲಿಗೆ ಛತ್ರಿ ಹಿಡಿ. ಈ ಮುಲಾಮು ರಾತ್ರಿ ಹಚ್ಚು. ನಿಧಾನಕ್ಕೆ ಹೋಗುತ್ತೆ. ಮುಂದಿನವರು ಬನ್ನಿ.”

ಅಷ್ಟು ಉದ್ದದ ಇಂಗ್ಲಿಷು ಕನ್ನಡಕ್ಕೆ ಬರುವಾಗ ಇಷ್ಟು ಸೊರಗಿದ್ದು ಯಾಕೆ ಸ್ವಾಮಿ? ಹೊರಗೆ ಬೆಂಚಿನ ಹತ್ತಿರ ಆ ಎಳೆಯ ಡಾಕ್ಟರುಗಳಲ್ಲಿ ಒಬ್ಬ ಹುಡುಗಿಯನ್ನು ಹಿಡಿದು ಕೇಳಿದೆ. ಬಾಟಲಿಯ ಬಣ್ಣ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಚರ್ಮ ಒಳಗೇ ಸಿಟ್ಟಾಗಿ ಕಪ್ಪು ಬಿಡುತ್ತದೆ, ಬಿಸಿಲು ಅದನ್ನು ಗಟ್ಟಿ ಮಾಡುತ್ತದೆ, ಉಜ್ಜಿದರೆ ಸಿಟ್ಟು ಹೆಚ್ಚುತ್ತದೆ ಎಂದಳು. “ಅಂಟಲ್ಲ ಅಜ್ಜಿ, ಮಕ್ಕಳಿಗೂ ಬರಲ್ಲ. ಕಾರಣ ಬಿಟ್ರೆ ತಿಂಗಳುಗಟ್ಟಲೆ ಹಿಡಿದು ತಾನೇ ಇಳಿಯುತ್ತೆ” ಎಂದಳು. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ನಾನು ಓದಿದ್ದು ಎಷ್ಟೆಂದು ಮೇಲೆ ಬರೆದಿದ್ದೇನೆ.

ಕುಂಕುಮ ಬಿಡಮ್ಮ ಎಂದಿರಲ್ಲ, ಆ ಎರಡು ಮಾತಿನ ಭಾರ ನಿಮಗೆ ಗೊತ್ತೇ? ನಿಮ್ಮ ಲೆಕ್ಕದಲ್ಲಿ ಅದು ಉಪ್ಪಿನಕಾಯಿ ಬಿಡು ಎಂದ ಹಾಗೆ. ಜಗದಾಂಬಾ ಬರಿ ಹಣೆಯಲ್ಲಿ ನಲ್ಲಿಯ ಹತ್ತಿರ ಹೋದ ದಿನವೇ ಹಿಂದಿನ ಬೀದಿಯ ವತ್ಸಲಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಮ್ಮ ಮನೆಗೆ ಬಂದಳು. ಜಗಲಿಯ ಮೇಲೆ ನನ್ನ ಮಗ ಅಂಜಿನಯ್ಯ ಕೆನ್ನೆಗೆ ಸೋಪು ಬಳಿದುಕೊಂಡು ಗಡ್ಡ ಕೆರೆಯುತ್ತಾ ಕುಳಿತಿದ್ದ. ಆಕೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ತಂದಿದ್ದ ಅಳುವನ್ನು ಅಲ್ಲೇ ನುಂಗಿ, “ಸ್ವಲ್ಪ ಹೆಪ್ಪು ಇದ್ರೆ ಕೊಡಿ ಅಜ್ಜಿ” ಎಂದಳು. ಕೊಟ್ಟು ಕಳಿಸಿದೆ. ಅಂಜಿನಯ್ಯ ಕೇಳಿದ, “ಆಯಮ್ಮ ಯಾಕವ್ವಾ ನನ್ನ ಹಂಗ್ ನೋಡಿದ್ಲು?” “ನೀನು ಬದುಕಿರೋದು ಅವಳಿಗೆ ಸ್ವಲ್ಪ ಅಡ್ಡ ಬಂತು ಕಣೋ” ಎಂದೆ.

ನಗಬೇಡಿ. ಬರಿ ಹಣೆ ಎಂದರೆ ಏನೆಂದು ನಿಮ್ಮ ಪುಸ್ತಕದಲ್ಲಿ ಬರೆದಿರಲಾರರು. ನನಗೆ ಗೊತ್ತು. ಯಜಮಾನರು ಹೋದ ಮೇಲೆ ಇಷ್ಟು ವರ್ಷ ಹೊತ್ತಿದ್ದೇನೆ. ಶುಭಕ್ಕೆ ಹೊರಟವರು ನನ್ನನ್ನು ಕಂಡು ಒಂದು ಗಳಿಗೆ ಒಳಗೆ ಹೋಗಿ ಕುಳಿತು ಬರುತ್ತಾರೆ. ಗಂಡ ಎದುರಿಗೇ ಕುಳಿತು ರಾಗಿಮುದ್ದೆ ಮುರಿಯುತ್ತಿರುವಾಗ ಆ ಭಾರವನ್ನು ಒಬ್ಬಳ ಹಣೆಗೆ ಹೊರಿಸಿದಿರಿ. ಹೊರಿಸಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಹೊರುವವಳಿಗೆ ತಲೆಯ ಮೇಲೆ ಒಂದು ಸಿಂಬಿಯನ್ನಾದರೂ ಇಡಬೇಡವೇ?

ಇಷ್ಟರಲ್ಲಿ ಗಂಡಿನ ಕಡೆಯವರು ನಾಯಂಡಹಳ್ಳಿಯಿಂದ ವೀಳ್ಯದ ಮಾತಿಗೆ ಬಂದರು. ಹುಡುಗನ ದೊಡ್ಡಪ್ಪ ದೊಡ್ಡಹನುಮಯ್ಯನವರಿಗೆ ಅಲ್ಲಿ ಗೋಡೌನಿದೆ. ಮೂಟೆಗೆ ಕೊಕ್ಕೆ ಹಾಕಿ ಒಳಗಿನ ಕಾಳು ನೋಡಿ ಅಭ್ಯಾಸ. ಜಗದಾಂಬಾ ತಾಂಬೂಲದ ತಟ್ಟೆ ತಂದಿಟ್ಟಳು. ಅವರು ತಟ್ಟೆ ಮುಟ್ಟಲಿಲ್ಲ.

“ಹಣೆ ಮೇಲೆ ಏನದು?”

“ಕುಂಕುಮ ಆಗ್ಬರಲಿಲ್ಲ. ಬಿಡೋಕೆ ಹೇಳವ್ರೆ ಡಾಕ್ಟ್ರು” ಎಂದೆ.

“ಮುತ್ತೈದೆಗೆ ಕುಂಕುಮ ಆಗ್ಬರಲ್ಲ ಅಂತ ಎಲ್ಲಾದ್ರೂ ಉಂಟಾ? ರಕ್ತದಲ್ಲಿ ಬರೋದಲ್ಲ ತಾನೆ? ನಾಳೆ ಹುಡುಗೀಗೂ ಬಂದ್ರೆ?”

“ರಕ್ತದಲ್ಲಿ ಬಂದಿಲ್ಲ ಸ್ವಾಮಿ, ಬಾಟಲೀಲಿ ಬಂತು.”

ಅವರ ಕಡೆಯ ಹೆಂಗಸರು ಸೆರಗಿನೊಳಗೆ ನಕ್ಕರು. ದೊಡ್ಡಹನುಮಯ್ಯನವರು ನಗಲಿಲ್ಲ. ಆಸ್ಪತ್ರೆಯ ಸೀಲು ಬಿದ್ದ ಕಾಗದ ತಂದರೆ ಮಾತ್ರ ಲಗ್ನಪತ್ರಿಕೆ ಅಚ್ಚಿಗೆ ಎಂದು ಎದ್ದರು. ಅಂದಿನಿಂದ ಜಗದಾಂಬಾ, ಧಾರೆಯ ದಿನ ನಾನು ಅಡುಗೆಮನೆಯಲ್ಲೇ ಇರುತ್ತೇನೆ, ನನ್ನ ಬದಲು ಓರಗಿತ್ತಿ ನಿಂತು ಧಾರೆ ಎರೆಯಲಿ ಎನ್ನುತ್ತಿದ್ದಾಳೆ. ಹೆತ್ತವಳು ಅಡುಗೆಮನೆಯಲ್ಲಿ, ಅವಳ ಜಾಗದಲ್ಲಿ ಬೇರೊಬ್ಬಳು. ಹೀಗೆ ನಡೆಯುವ ಮದುವೆ ನನಗೆ ಬೇಡ ಎಂದು ಅಂಬುಜಾ ಹೇಳಿದ್ದಾಳೆ. ಈ ಸಾಲು ಬರೆಯುವಾಗ ಅವಳ ಕೈ ನಿಂತಿತು. ಬರಿ ಎಂದು ಗದರಿದೆ, ಬರೆದಳು.

ಆ ಕಾಗದಕ್ಕಾಗಿಯೇ ಎರಡನೆಯ ಸಲ ಬಂದದ್ದು. “ರೋಗ ಇದ್ರೆ ಬರೆದು ಕೊಡಬಹುದು, ಇಲ್ಲದ್ದಕ್ಕೆ ಏನಂತ ಕೊಡ್ಲಿ?” ಎಂದು ನೀವು ಗಡಿಯಾರವನ್ನು ಕೇಳಿದಿರಿ. ಅದು ಹೇಳದಿದ್ದರೆ ನಾನು ಹೇಳುತ್ತೇನೆ. ಕಾರ್ಖಾನೆ ಸೇರುವ ಮೊದಲು ನನ್ನ ಮಗನಿಗೆ ಸರ್ಕಾರಿ ಡಾಕ್ಟರೇ ಸರ್ಟಿಫಿಕೇಟು ಕೊಟ್ಟರು. ಆಗ ಅವನಿಗೆ ಯಾವ ರೋಗವಿತ್ತು? ಗಟ್ಟಿಯಾಗಿದ್ದಾನೆ ಎಂದೇ ತಾನೆ ಬರೆದದ್ದು? ತಿರುಪು ಬಿಗಿಯುವವನು ಗಟ್ಟಿ ಎನ್ನಲು ಸೀಲು ಉಂಟು, ಮಗಳನ್ನು ಧಾರೆ ಎರೆದು ಕೊಡುವವಳು ಗಟ್ಟಿ ಎನ್ನಲು ಸೀಲು ಇಲ್ಲವೇ? ಜಗದಾಂಬಾ ಒಂದು ಒಳ್ಳೆಯ ರೋಗ ತಂದುಕೊಂಡು ಬಂದರೆ, ಅದರ ಜೊತೆಗೆ ಇದನ್ನೂ ಒಂದು ಮೂಲೆಯಲ್ಲಿ ಬರೆದುಕೊಡುತ್ತೀರೋ?

ಆಮೇಲೆ ನಡೆದದ್ದನ್ನು ನಿಮಗೆ ಹೇಳಲೇಬೇಕು. ದೊಡ್ಡಹನುಮಯ್ಯನವರು ಪಟ್ಟು ಹಿಡಿದಿದ್ದರೂ ಅವರ ಕಡೆಯ ಹೆಂಗಸರು ಸೀರೆ ನೋಡುವ ನೆಪದಲ್ಲಿ ನಮ್ಮ ಮನೆಗೆ ಬಂದುಹೋದರು. ಉರಿಬಿಸಿಲು. ಅವರಲ್ಲಿ ಒಬ್ಬಾಕೆ ಹಿತ್ತಲಿಗೆ ಬಂದು ಮುಖ ತೊಳೆದಳು, ನಾನು ಚೊಂಬಿನಿಂದ ನೀರು ಹಾಕುತ್ತಿದ್ದೆ. ಬೆವರಿಗೆ ಜಗ್ಗದ ಕಾಸಗಲದ ಬೊಟ್ಟು ನೀರಿಗೆ ಕರಗಿ ಇಳಿಯಿತು. ಅದರ ಕೆಳಗೆ ನನ್ನ ಸೊಸೆಯದಕ್ಕಿಂತ ಒಂದು ಕೈ ಮೇಲಾದ ಮಸಿ.

“ನೋಡ್ಬಿಟ್ರಾ?” ಎಂದಳು.

“ನಂಗೆ ಕಣ್ಣು ಮಂಜು ಕಣವ್ವ. ಆದ್ರೂ ಇಷ್ಟು ದೊಡ್ಡದಿದ್ರೆ ಕಾಣ್ಸುತ್ತೆ. ಅವತ್ತು ಅವ್ರು ರಕ್ತ ಗಿಕ್ತ ಅಂದಾಗ ಒಂದ್ ಮಾತು ಆಡ್ಬಾರ್ದಾಗಿತ್ತಾ?”

“ಆಡಿದ್ರೆ ನನ್ ಹಣೇನೂ ಒರೆಸಿ ನೋಡ್ತಾರೆ ಅಜ್ಜಿ. ಮನೇಲಿ ಯಾರಿಗೂ ಗೊತ್ತಿಲ್ಲ.” ಸೆರಗಿನಿಂದ ಹಣೆ ಒತ್ತಿಕೊಂಡಳು. “ಆ ಡಾಕ್ಟ್ರು ಏನಂದ್ರು? ಹೋಗುತ್ತಂತಾ?” ಎಂದಳು.

ಆಸ್ಪತ್ರೆಯ ಬೆಂಚಿನ ಹತ್ತಿರ ಆ ಎಳೆಯ ಡಾಕ್ಟರು ಹುಡುಗಿ ನನಗೆ ಹೇಳಿದ್ದನ್ನೆಲ್ಲ ಹೇಳಿದೆ. ಬಾಟಲಿ ಬಿಟ್ಟ ಮೇಲೆ ಜಗದಾಂಬಾಳ ಮಸಿ ತುಕ್ಕಿನ ಬಣ್ಣಕ್ಕೆ ಇಳಿದಿರುವುದನ್ನೂ ಕರೆದು ತೋರಿಸಿದೆ. ಆಕೆ ಬೆರಳಿನಿಂದ ಮುಟ್ಟಿ ನೋಡಿದಳು. ಪೇಪರಿಗೆ ಬರೆಯುತ್ತೇನೆ ಎಂದಾಗ, “ಬರೀರಿ, ಹೆಸ್ರು ಮಾತ್ರ ಬೇಡ. ಉತ್ತರ ಬಂದ್ರೆ ನಂಗೂ ಓದಿ ಹೇಳಿ” ಎಂದಳು. ಆಕೆ ಯಾರೆಂದು ನಾನು ಹೇಳುವುದಿಲ್ಲ. ಆ ಮನೆಯಲ್ಲಿ ಹೆಂಗಸರು ಬಹಳ, ಎಲ್ಲರ ಬೊಟ್ಟೂ ದೊಡ್ಡದೇ. ದೊಡ್ಡಹನುಮಯ್ಯನವರು ಇದನ್ನು ಓದುತ್ತಿದ್ದರೆ, ಯಾರ ರಕ್ತ ಎಂಬ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ಮೊದಲು ತಮ್ಮ ಅಂಗಳವನ್ನು ಒಂದು ಸಲ ನೋಡಿಕೊಳ್ಳಲಿ.

ಈಗ ನೀವು ಮಾಡಬೇಕಾದದ್ದು. ನಮ್ಮ ಬೀದಿಯ ಗೋಡೆಗೋಡೆಗೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿದ್ದೀರಿ. ಹಣೆಯ ಕಪ್ಪು ವೃತ್ತದ ಬಗ್ಗೆ ನಾಲ್ಕು ಸಾಲು ಬರೆಸಲು ಸರ್ಕಾರದಲ್ಲಿ ಸುಣ್ಣ ಮುಗಿದಿದೆಯೇ? ನಿಮ್ಮ ಬಾಗಿಲ ಪಕ್ಕ ಕನ್ನಡದಲ್ಲಿ, ನನ್ನಂಥ ಮಂಜುಗಣ್ಣಿಗೂ ಕಾಣುವಷ್ಟು ದೊಡ್ಡದಾಗಿ ಬರೆಸಿ: ಇದು ಅಂಟಲ್ಲ, ರಕ್ತದ್ದಲ್ಲ, ಶಾಪವಲ್ಲ; ಬಾಟಲಿ ಬಿಡಿ, ಉಜ್ಜಬೇಡಿ, ಛತ್ರಿ ಹಿಡಿಯಿರಿ, ತಾಳ್ಮೆ ಇರಲಿ. ಹಣೆ ಬರಿದಾಗಿರುವವಳನ್ನು ಕಂಡು ಅಳಬೇಡಿ, ಆಕೆ ಮದ್ದಿನಲ್ಲಿದ್ದಾಳೆ ಎಂದೂ ಸೇರಿಸಿ. ಅದನ್ನೇ ಒಂದು ಹಾಳೆಗೆ ಇಳಿಸಿ, ಸೀಲು ಒತ್ತಿ, ಜಗದಾಂಬಾಳ ಹೆಸರಿಗೆ ಕಳಿಸಿ.

ಮುಂದಿನ ತಿಂಗಳು ಧಾರೆಯ ಮುಹೂರ್ತವಿದೆ. ನಿಮ್ಮ ಹಾಳೆ ಬಂದರೆ ಯಾರ ಹಣೆಯನ್ನೂ ಒರೆಸುವ ಕೆಲಸವಿಲ್ಲ, ನನ್ನ ಸೊಸೆ ಕಲೆಯ ಸಮೇತ ಮಂಟಪದಲ್ಲಿ ನಿಂತು ಮಗಳ ಕೈಗೆ ನೀರು ಬಿಡುತ್ತಾಳೆ. ಬಾರದಿದ್ದರೆ ಛತ್ರದ ಬಾಗಿಲಲ್ಲಿ ಪನ್ನೀರಿನ ಬದಲು ನಾನೇ ಒದ್ದೆ ಟವಲು ಹಿಡಿದು ನಿಲ್ಲುತ್ತೇನೆ. ಎರಡೂ ಕಡೆಯ ಹೆಂಗಸರು ಹಣೆ ಒರೆಸಿಕೊಂಡೇ ಒಳಗೆ ಹೋಗಲಿ. ಆಮೇಲೆ ಅಷ್ಟು ಜನರನ್ನೂ ಲಾರಿ ಹತ್ತಿಸಿ ನಿಮ್ಮ ಬೆಂಚಿಗೆ ಕಳಿಸುತ್ತೇನೆ, ಆಗ ಬೇಡವೆನ್ನಿ ನೋಡೋಣ. ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ಕನ್ನಡದಲ್ಲಿ.

ಇಂತಿ,
ಯಾವ ಮುಲಾಮೂ ಹಚ್ಚದೆ, ಬೊಟ್ಟಿಡುವ ಭಾಗ್ಯ ಹೋದದ್ದರಿಂದಲೇ ಹಣೆ ಶುಭ್ರವಾಗಿ ಉಳಿದ
ಚಿಕ್ಕಲಕ್ಷ್ಮಮ್ಮ
ರಾಜಾಜಿನಗರ