ಈ ಊರಿನ ಕೊನೇ ಸೀಟು

ಭಾನುವಾರ, ಮಾರ್ಚ್ ೯
ಅಡುಗೆಮನೆ ಟೇಬಲ್ಲಿನಿಂದ

ಪ್ರೀತಿಯ ದೊಡ್ಡೋಳೇ,

ಹೇಗಿದ್ದೀಯ? ತಲೆಸುತ್ತು ಈಗ ಹೇಗಿದೆ? ಬರೀತೀನಿ ಬರೀತೀನಿ ಅಂತ ಇಷ್ಟು ದಿನ ತಳ್ಳಿದೆ, ಬೈಕೋಬೇಡ. ಬೈಯೋದಾದ್ರೆ ಫೋನ್ ಎತ್ತಿ ಬೈ. ಕಿವಿ ಕೈಕೊಟ್ಟು, ಮೆಡಿಕಲ್‌ನಲ್ಲಿ ಫೇಲ್ ಮಾಡಿ, ನಿನ್ನನ್ನ ಪೈಲಟ್ ಕೆಲಸದಿಂದ ಇಳಿಸಿದ ಮೇಲೆ ನೀನು ಫೋನ್ ಎತ್ತೋದನ್ನೂ ಬಿಟ್ಟಿದ್ದೀಯ. ಅದಕ್ಕೇ ಈ ಕಾಗದ. ನನ್ನ ಕೋಳಿಕಾಲು ಅಕ್ಷರ ನಿನಗೆ ಹೊಸದೇನಲ್ಲ. ಟ್ರೇನಿಂಗ್‌ನಲ್ಲಿ ನನ್ನ ನೋಟ್ಸ್ ಓದಿಯೇ ಅಲ್ವಾ ನೀನು ನನಗಿಂತ ಜಾಸ್ತಿ ಮಾರ್ಕ್ಸ್ ಹೊಡೆದದ್ದು!

ಮೊದಲು ಒಳ್ಳೇ ಸುದ್ದಿ. ನಾನು ಇಲ್ಲೇ ಉಳಿದೆ. ಕ್ಯಾಪ್ಟನ್ ಆಗೇ ಉಳಿದೆ. ಊರು ಬಿಡಬೇಕಾಗಿಲ್ಲ, ಮನೆ ಖಾಲಿ ಮಾಡಬೇಕಾಗಿಲ್ಲ. ಅಬ್ಬಾ, ಬರೆಯೋವಾಗಲೇ ಎದೆ ಹಗುರಾಗ್ತಿದೆ.

ಅರ್ಧ ಕಥೆ ನಿನಗೆ ಗೊತ್ತು. ನಮ್ಮ ಹಳೇ ಪ್ರೊಪೆಲ್ಲರ್ ವಿಮಾನಗಳನ್ನ ನೀನು ಮುದುಕಿಯರು ಅಂತಿದ್ದೆಯಲ್ಲ, ಅವನ್ನೆಲ್ಲ ಮಾರಿ ಕಂಪನಿ ದೊಡ್ಡ ಜೆಟ್ ತರಿಸ್ತಾ ಇದೆ. ವಿಮಾನ ದೊಡ್ಡದಾದ್ರೆ ಹಾರಾಟ ಕಮ್ಮಿ, ಹಾಗಾಗಿ ಈ ಊರಲ್ಲಿ ಕ್ಯಾಪ್ಟನ್ ಸೀಟೂ ಕಮ್ಮಿ. ಸೀಟು ಸಿಗದವರು ದೂರದ ದೊಡ್ಡ ಊರಿಗೆ ಗಂಟುಮೂಟೆ ಕಟ್ಟಬೇಕು, ಇಲ್ಲಾ ಕೆಲಸ ಬಿಡಬೇಕು.

ನನಗೆ ಅತ್ತೆಯದೇ ಚಿಂತೆ. ಮರೆವು ಬಹಳ ಜಾಸ್ತಿಯಾಗಿದೆ. ಹೆತ್ತ ಮಗನನ್ನೇ "ಯಾರಪ್ಪಾ ನೀನು, ಊಟ ಆಯ್ತಾ?" ಅಂತ ಕೇಳ್ತಾರೆ. ನಾನು ಓಡಿಸೋದು ಬಸ್ಸು ಅಂದ್ಕೊಂಡಿದ್ದಾರೆ. ಯೂನಿಫಾರಂ ಹಾಕ್ಕೊಂಡು ಹೊರಟ್ರೆ ಸಾಕು, "ತಿರುವಿನಲ್ಲಿ ಹುಷಾರು ಕಣಮ್ಮ" ಅಂತಾರೆ! ಆದ್ರೆ ಈ ಮನೆ ಅವರ ಕೈಕಾಲಿಗೆ ಗೊತ್ತು. ಗೋಡೆ ಸವರಿಕೊಂಡು ತಾವೇ ಬಚ್ಚಲಿಗೆ ಹೋಗಿ ಬರ್ತಾರೆ, ತಮ್ಮ ಲೋಟ ತಾವೇ ತಗೋತಾರೆ. ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು, "ಮನೆ ಬದಲಾಯಿಸಿದ್ರೆ ಇಷ್ಟೂ ಉಳಿಯಲ್ಲ" ಅಂತ. ನಮ್ಮ ಯಜಮಾನರು ದಿನಾ ಸ್ಕೂಲಲ್ಲಿ ಪಾಠ ಮುಗಿಸಿ ಬಂದು ಅಮ್ಮನ ಪಕ್ಕ ಕೂತು ಬಟಾಣಿ ಬಿಡಿಸೋರು.

ಇದರ ಮಧ್ಯೆ ಕಂಪನಿ ಜೊತೆ ಹೊಸ ಕರಾರಿನ ಮಾತುಕತೆ. ನಮ್ಮ ಪೈಲಟ್ ಸಂಘದ ಮೀಟಿಂಗು ಅದೇ ಕ್ಯಾಂಟೀನ್ ಮಹಡಿಯಲ್ಲಿ, ಅದೇ ಕಾಲು ಅಲ್ಲಾಡೋ ಕುರ್ಚಿಗಳಲ್ಲಿ. ಅಧ್ಯಕ್ಷರು ನಮ್ಮ ಮೀಸೆ ಕ್ಯಾಪ್ಟನ್ನೇ. ಕಂಪನಿ ಮುಂದೆ ಯಾವ ಬೇಡಿಕೆಯನ್ನ ಮೊದಲು ಇಡೋದು ಅಂತ ಜಗಳವೋ ಜಗಳ. ಹೊಸಬರಿಗೆ ಸಂಬಳ ಬೇಕು, ಹಳಬರಿಗೆ ನಿದ್ದೆ ಬೇಕು. "ಪೈಲಟ್‌ಗಳು ಸಾಲದೆ ಇರೋ ರಜೆನೂ ಕಿತ್ಕೊಳ್ತಿದ್ದಾರೆ, ಮೊದಲು ಜನ ತಗೊಳ್ಳಿ ಅನ್ನಿ" ಅಂತ ಒಬ್ಬ ಮೇಜು ಗುದ್ದಿದ. ನಾನು ಎದ್ದು, "ಹೊಸ ವಿಮಾನ ಬಂತು ಅಂತ ಯಾರೂ ಊರು ಬಿಡೋ ಹಾಗಾಗಬಾರದು, ಅದು ಮೊದಲು" ಅಂದೆ. "ನಿಮ್ಮ ಮನೆ ಕಷ್ಟ ತಂದು ಸಂಘದ ತಲೆಗೆ ಕಟ್ಟಬೇಡಿ ಮೇಡಂ" ಅಂದ ಅದೇ ಮಹಾಶಯ. ಮೈಯೆಲ್ಲ ಉರಿದುಹೋಯ್ತು ನನಗೆ. "ಇವತ್ತು ನನ್ನ ಮನೆ, ನಾಳೆ ನಿನ್ನದು ಕಣಪ್ಪ" ಅಂತ ಹೇಳಿ ಕೂತೆ. ಕೂತ ರಭಸಕ್ಕೆ ಕುರ್ಚಿ ಮುರೀತು! ನೆಲದ ಮೇಲೆ ಬಿದ್ದ ನನ್ನ ನೋಡಿ ಮೀಸೆ ಗಂಭೀರವಾಗಿ, "ಮೊದಲನೇ ಬೇಡಿಕೆ, ಹೊಸ ಕುರ್ಚಿ ಅಂತ ಬರ್ಕೊಳ್ಳಿ" ಅಂದ್ರು. ನಕ್ಕೂ ನಕ್ಕೂ ಜಗಳ ತಣ್ಣಗಾಯ್ತು, ಆಮೇಲೆ ಜನ ನನ್ನ ಮಾತಿಗೂ ಕಿವಿಗೊಟ್ಟರು.

ಕಂಪನಿ ಎಲ್ಲರನ್ನೂ ಇಲ್ಲೇ ಇಟ್ಕೊಳ್ಳಲಿಲ್ಲ. ಆದ್ರೆ ಮೊದಲು ಹೇಳಿದ್ದಕ್ಕಿಂತ ಒಂದಷ್ಟು ಸೀಟು ಹೆಚ್ಚಿಗೆ ಬಿಟ್ಟಿತು, ವಾರದ ರಜೆ ಮುಟ್ಟಲ್ಲ ಅಂತ ಸಹಿ ಹಾಕಿತು. ಸೀಟು ಹಂಚೋದು ಮಾತ್ರ ಮಾಮೂಲಿನಂತೆ ಸೀನಿಯಾರಿಟಿ ಪ್ರಕಾರ. ಸೇರಿದ ದಿನದ ಸರದಿಯೇ ನಮ್ಮ ಹಣೆಬರಹ, ಒಂದೇ ದಿನ ಸೇರಿದ್ರೆ ಮೊದಲು ಹುಟ್ಟಿದವರು ಮುಂದೆ. ನಾವಿಬ್ಬರೂ ಸೇರಿದ್ದು ಒಂದೇ ದಿನ. ನನಗಿಂತ ಒಂದು ವಾರ ಮೊದಲು ಹುಟ್ಟಿದ್ದೇ ದೊಡ್ಡ ಸಾಧನೆ ಅನ್ನೋ ಹಾಗೆ ನೀನು ಯಾವಾಗಲೂ ನನ್ನ ಮುಂದೆ ನಿಂತು ಒಳ್ಳೊಳ್ಳೇ ರಜೆಯನ್ನೆಲ್ಲ ಬಾಚಿಕೊಂಡೆ. ಅದಕ್ಕೇ ತಾನೇ ನೀನು ದೊಡ್ಡೋಳು, ನಾನು ಚಿಕ್ಕೋಳು ಆಗಿದ್ದು.

ಮೀಸೆ ಒಬ್ಬೊಬ್ಬರದೇ ಹೆಸರು ಕೂಗಿದ್ರು. ಸೀಟು ಮುಗೀತಾ ಬಂದ ಹಾಗೆ ನಾನು ಉಳಿದದ್ದನ್ನ ಬೆರಳಲ್ಲಿ ಎಣಿಸ್ತಾ ಕೂತೆ. ಕಟ್ಟಕಡೆಗೆ ನನ್ನ ಹೆಸರು! ಅಲ್ಲಿಗೆ ಸೀಟು ಮುಗೀತು. ಭುಜದ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ ಹೊತ್ತ ಹೆಂಗಸು, ಸ್ಕೂಲ್ ಹುಡುಗಿ ಥರ ಜಿಗಿದುಬಿಟ್ಟೆ ಕಣೇ. "ನಿಧಾನ ಮೇಡಂ, ಕುರ್ಚಿಗಳು ಇನ್ನೂ ಹಳೇವೇ" ಅಂದ್ರು ಮೀಸೆ. ಮನೆಗೆ ಬಂದು ಹೇಳಿದ್ರೆ, ಯಜಮಾನರು ಬಟಾಣಿ ಬಟ್ಟಲು ಕೆಳಗಿಟ್ಟು, ಮುಖ ತೊಳ್ಕೊಂಡು ಬರ್ತೀನಿ ಅಂತ ಹೋದವರು ಎಷ್ಟು ಹೊತ್ತಾದ್ರೂ ಆಚೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಅವತ್ತು ಎಷ್ಟೋ ದಿನದ ಮೇಲೆ ಎಲ್ಲರೂ ಹೊಟ್ಟೆತುಂಬ ಊಟ ಮಾಡಿದ್ವಿ.

ಮುಂದಿನ ತಿಂಗಳು ಜೆಟ್ ಟ್ರೇನಿಂಗ್. ಈ ವಯಸ್ಸಲ್ಲಿ ಮತ್ತೆ ಪರೀಕ್ಷೆ, ನನ್ನ ಗ್ರಹಚಾರ! ನಮ್ಮ ಮುದುಕಿ ವಿಮಾನವನ್ನ ನಿನ್ನೆ ಕೊನೇ ಸಲ ಇಳಿಸಿದೆ. ಅದರ ಮೂಗು ತಟ್ಟಿ ಬಂದೆ. ನಿನ್ನ ಪರವಾಗಿಯೂ ಒಂದು ಸಲ ತಟ್ಟಿದೆ.

ಹೊತ್ತುಹೊತ್ತಿಗೆ ಊಟ ಮಾಡು, ಮಾತ್ರೆ ತಪ್ಪಿಸಬೇಡ. ನಿನ್ನ ಕಿವಿ ವಾಸಿಯಾಗಲಿ, ತಲೆಸುತ್ತು ಹಾಳಾಗಿ ಹೋಗಲಿ, ನಿನಗೆ ಎಲ್ಲಾ ಒಳ್ಳೇದಾಗಲಿ.

ನಿನ್ನ
ಚಿಕ್ಕೋಳು

ತಾ.ಕ.: ಕವರಿಗೆ ಹಾಕಿದ ಕಾಗದಾನ ಮತ್ತೆ ತೆಗೆದೆ. ಇದನ್ನ ಬರೀದೆ ಕಳಿಸೋಕೆ ಮನಸ್ಸು ಒಪ್ಪಲಿಲ್ಲ. ಅವತ್ತು ಅತ್ತೆಗೂ ಖುಷಿಯಲ್ಲಿ ಬಿಡಿಸಿ ಹೇಳಿದೆ, "ಕ್ಯೂ ಇತ್ತು ಅತ್ತೆ, ಮುಂದಿದ್ದವರಿಗೆಲ್ಲ ಸೀಟು ಕೊಟ್ಟರು, ಕೊನೇದು ನನಗೆ ಬಂತು" ಅಂತ. ಅವರು ನನ್ನ ಮುಖಾನೇ ನೋಡ್ತಾ, "ನಿನ್ನ ಮುಂದೇನೇ ಇರ್ತಿದ್ದಳಲ್ಲ, ಆ ಜೋರಾಗಿ ನಗೋಳು, ಅವಳಿಗೂ ಸಿಕ್ತಾ?" ಅಂದ್ರು. ಮಗನನ್ನ ಮರೆತವರು ನಿನ್ನನ್ನ ಮರೆತಿಲ್ಲ. ನೀನಿದ್ದಿದ್ರೆ ಆ ಕೊನೇ ಸೀಟು ನಿನ್ನದು ಕಣೇ. ಸೀನಿಯಾರಿಟಿ ಪಟ್ಟಿಯಿಂದ ನಿನ್ನ ಹೆಸರು ತೆಗೆದ ಮೇಲೆ ನಾನು ಒಂದು ಹೆಜ್ಜೆ ಮುಂದೆ ಬಂದೆ, ನನ್ನ ಮನೆ ಉಳಿದದ್ದು ಅದರಿಂದ. ಆದ್ರೆ ಮೀಸೆ ಹೆಸರು ಕೂಗಿದಾಗ ನನಗೆ ನೀನು ನೆನಪಾಗಲೇ ಇಲ್ಲ. ಅತ್ತೆ ಕೇಳೋವರೆಗೂ ನೆನಪಾಗಲಿಲ್ಲ. ಅವರಿಗೆ "ಸಿಕ್ತು ಅತ್ತೆ" ಅಂದುಬಿಟ್ಟೆ. ಈಗ ದಿನಾ ಬಾಗಿಲ ಹತ್ರ ಕೂತು, "ಅವಳ ಬಸ್ಸು ಇನ್ನೂ ಬರಲಿಲ್ವಾ?" ಅಂತ ಕೇಳ್ತಾರೆ. ಒಂದ್ಸಲ ಬಾರೇ.