ಬಾರೆ, ಬಂಡಿ ಹತ್ತ

ಮುದ್ದೇಬಿಹಾಳ
೧೨ ಜನವರಿ ೨೦೨೫

ಗೆಳತಿ ಅಖ್ತರಬೇಗಂ,

ನಿನ್ನ ಶಂಕ್ರಿಯ ಸಲಾಮು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಿದರೆ ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧಕ್ಕೆ ನನ್ನನ್ನೇ ಬಯ್ಯುತ್ತೀ. ಅದಕ್ಕೇ ಕಾಗದ. ಮೊಣಕಾಲು ಹೇಗಿದೆ? ನಿಮ್ಮ ಇಂಡಿ ಊರಿನ ಚಳಿಯಲ್ಲಿ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ?

ನಿನ್ನೆ ಮಸೂತಿ ಊರಿನ ಸಾಲಿಯಲ್ಲಿ ಅಪ್ಪನ ನೆನಪಿನ ಕಾರ್ಯಕ್ರಮ ಇತ್ತು. ಮಕ್ಕಳಿಗೆಂದೇ ಹಾಡಿನ ಪುಸ್ತಕ ಇಲ್ಲದ ಕಾಲದಲ್ಲಿ ಹಾಡು ಕಟ್ಟಿದ ಪರಸಪ್ಪ ಮಾಸ್ತರ ಅಂತ ಭಾಷಣವೋ ಭಾಷಣ. ಅಪ್ಪನ ಪದ್ಧತಿ ನಿನಗೆ ಗೊತ್ತಲ್ಲ, ಬೆಳಿಗ್ಗೆ ಮಕ್ಕಳಿಗೆ ಹೊಸ ಹಾಡು ಹೇಳಿಕೊಡುವುದು, ಸಂಜೆಗೆ ಅವರು ಮರೆತಿದ್ದರೆ ಹರಿದು ಒಲೆಗೆ ಹಾಕುವುದು. "ಹುಡುಗರು ಮರತ್ರ ತಪ್ಪು ಹಾಡಿಂದ ಐತಿ," ಅನ್ನುತ್ತಿದ್ದ.

ನಾನು ಹೋಗಿದ್ದೇ ಒಲ್ಲದ ಮನಸ್ಸಿನಿಂದ. ಅಲ್ಲಿ ಅಪ್ಪನ ಆ ಸೀತನಿಯ ಹಾಡು, ಎಳೆಜೋಳದ ತೆನೆ ಸುಟ್ಟು ತಿನ್ನುವ ಹಾಡು, ಹಾಡಿಯೇ ಹಾಡುತ್ತಾರೆ, ಅದು ನನಗಾಗದು. ಯಾಕೆ ಅಂತ ನೀನು ಕೇಳಿದಾಗಲೆಲ್ಲ ಮಾತು ಮರೆಸಿದ್ದೇನೆ.

ಬುಶ್ರಾ ಅಂತ ಒಂದು ಬೊಗಸೆಯಷ್ಟು ಹುಡುಗಿ ಮುಂದೆ ಬಂದು ಶುರುಮಾಡಿತು:

ಬಾರೆ ಬುಶ್ರಾ, ಬಂಡಿ ಹತ್ತ,
ಸೀತನಿ ಸುಡತಾರ ಸುತ್ತಮುತ್ತ!

ನಾನು ಸುಮ್ಮನಿರಬೇಕೋ ಬೇಡವೋ! "ನಮ್ಮಪ್ಪನ ಪುಸ್ತಕದಾಗ ಮಾಲಾ ಅಂತ ಐತೆವಾ," ಅಂದೆ.

"ಮಾಲಾ ಯಾರ್ರಿ? ನಮ್ಮ ಸಾಲ್ಯಾಗ ಇಲ್ರಿ. ಇಲ್ಲಿ ಯಾರ ಪಾಳಿ ಬರತೈತಿ, ಅವರ ಹೆಸರು ಹಾಕ್ತೇವ್ರಿ. ನಿಮ್ಮ ಹೆಸರೇನ್ರಿ ಅಜ್ಜಿ?"

ಹೇಳಿದೆ. ಇಡೀ ಸಾಲಿ "ಬಾರೆ ಶಂಕ್ರಿ" ಎಂದು ಕಿರುಚಿತು. ಹೆಡ್‌ಮಾಸ್ತರ ಗಾಬರಿಯಾಗಿ, "ಏ, ಅಜ್ಜಿಗೆ ಬಾರೆ ಅಂತಾರೇನು?" ಅಂದರು.

"ಬರ್ರಿ ಅಂದ್ರ ಹಾಡು ಕೆಡತೈತ್ರಿ, ಸರ್."

ನಕ್ಕೂ ನಕ್ಕೂ ನನ್ನ ಹಲ್ಲಿನ ಸೆಟ್ಟು ಕೈಗೆ ಬಂತು ಮಾರಾಯ್ತಿ! ಆಮೇಲೆ ಹೊಲದಲ್ಲಿ ಸೀತನಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಿನ್ನ ಪಾಲನ್ನೂ ನಾನೇ ತಿಂದೆ.

ಮೊಮ್ಮಕ್ಕಳಿಗೆಲ್ಲ ಆಶೀರ್ವಾದ. ನಿನಗೆ ನನ್ನ ಆಯುಷ್ಯದ್ದೂ ಒಂದಿಷ್ಟು ಸೇರಲಿ.

ನಿನ್ನ,
ಶಂಕ್ರೆವ್ವ

ತಾ.ಕ.: ಮಾಲಾ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ ಹೋದಳು. ಚಿಕ್ಕವಳಿದ್ದಾಗ ಒಮ್ಮೆ ಆ ಹಾಡಿಗೆ ನನ್ನ ಹೆಸರು ಹಾಕಿ ಅಪ್ಪನ ಮುಂದೆ ಹಾಡಿದ್ದೆ. ಅಪ್ಪ ಬಯ್ಯಲಿಲ್ಲ, ಎದ್ದು ಹೊರಗೆ ಹೋದ. ಅಂದಿನಿಂದ ನಾನು ಅದನ್ನು ಹಾಡಿರಲಿಲ್ಲ. ನಿನ್ನೆ ಬುಶ್ರಾಳ ಕೈ ಹಿಡಿದು ಹಾಡಿದೆ ಅಖ್ತರ್, ಮೊದಲು ಮಾಲಾಳ ಹೆಸರಿಗೆ, ಆಮೇಲೆ ನನ್ನ ಹೆಸರಿಗೆ. ಒಂದು ಅಕ್ಷರವೂ ಮರೆತಿರಲಿಲ್ಲ.